ಲಿಮರಿಕ್ಕಿನಲ್ಲಿ ಆಡಿದ ಮಾತು

ಲಿಮರಿಕ್, ಐರ್ಲೆಂಡ್
6 ಮೇ 2025

ಅರಕೇರಾದ ಶ್ರೀಮತಿ ವೆಂಕಮ್ಮನವರಿಗೆ ಮಾನ್ವಿಯ ಸುನಂದಾ ಮಾಡುವ ನಮಸ್ಕಾರಗಳು.

ಕ್ಷೇಮವಾಗಿ ಬಂದು ಮುಟ್ಟಿದ್ದೇನೆ. ಹೊರಡುವ ಮುಂಚೆ ನೀವು ಫೋನ್ ಮಾಡಿದಾಗ "ಹ್ಞೂಂರಿ, ಆಗಲಿರಿ" ಎನ್ನುವುದರ ಹೊರತು ನನ್ನಿಂದ ಮಾತು ಹೊರಡಲಿಲ್ಲ. ನನ್ನ ಮಗಳೂ ನಿಮ್ಮ ಮಗನೂ ಮದುವೆಯಾಗಿ ಏಳು ವರ್ಷವಾಯಿತು. ಬೀಗತಿಯರಾದ ನಾವು ಇನ್ನೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಫೋನಿನಲ್ಲಿ ಏನೆಂದು ಮಾತಾಡುವುದು? ಅದಕ್ಕೇ ಬರೆಯುತ್ತಿದ್ದೇನೆ. ಬರೆದ ಹಾಳೆಯ ಫೋಟೋ ತೆಗೆದು ಕಳಿಸುವುದನ್ನು ಮಗಳು ಉಮಾಶ್ರೀ ಕಲಿಸಿಕೊಟ್ಟಿದ್ದಾಳೆ.

ನಮ್ಮ ಯಜಮಾನರು ಇದ್ದಷ್ಟು ದಿನ ಅವಳ ಹೆಸರನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ. ಅವರು ಹೋದ ಮೇಲೆ ಅವಳೇ ಕರೆದಳು, "ಯವ್ವಾ, ಒಮ್ಮಿ ಬಂದು ಮೊಮ್ಮಗಳ ಮಾರಿ ನೋಡಿ ಹೋಗು" ಅಂತ. ಮೈದುನ ಕೊಟ್ರೇಶ ಹೈದರಾಬಾದಿನವರೆಗೆ ಕಾರಿನಲ್ಲಿ ಬಿಟ್ಟ. ರಾಯಚೂರು ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು. ದುಬೈಯಲ್ಲಿ ವಿಮಾನ ಬದಲಿಸುವಾಗ ದಾರಿ ತಪ್ಪಿತು. ನೆಲ ಒರೆಸುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನಷ್ಟಕ್ಕೆ ತೆಲುಗಿನಲ್ಲಿ ಗೊಣಗುವುದು ಕೇಳಿಸಿತು. ಓಡಿಹೋಗಿ ಅವಳ ಕೈ ಹಿಡಿದುಕೊಂಡೆ. ಕರ್ನೂಲಿನ ಕಡೆಯವಳಂತೆ. ಗೇಟಿನವರೆಗೆ ಬಂದು ಕೂಡಿಸಿ ಹೋದಳು.

ನಿಮ್ಮ ಮಗ ವಿನೋದ ಡಬ್ಲಿನ್ನಿಗೆ ಬಂದು ನಿಂತಿದ್ದ. ನನಗೆಂದು ಒಂದು ಸ್ವೆಟರ್ ತಂದಿದ್ದ. ಮೊಮ್ಮಗಳು ಗೌತಮಿ ಮೊದಲ ದಿನ ಅವನ ಕಾಲ ಹಿಂದೆ ಅಡಗಿದ್ದಳು, ಈಗ ನನ್ನ ಬಳೆ ಎಣಿಸುತ್ತಾಳೆ. ಮುಂದಿನ ಕೋಣೆಯ ಗೋಡೆಯ ಮೇಲೆ ನಿಮ್ಮ ಫೋಟೋ ಇದೆ. ಹಸಿರು ಇಳಕಲ್ ಸೀರೆ, ತೊಡೆಯ ಮೇಲೆ ಕೂಸು. ಎರಡು ವರ್ಷದ ಹಿಂದೆ ನೀವು ಒಬ್ಬರೇ ಬಂದು ಇಲ್ಲಿ ಇದ್ದು ಹೋದದ್ದನ್ನು ಮಗಳು ದಿನವೂ ಹೇಳುತ್ತಾಳೆ.

ನನಗೆ ಪಥ್ಯವಿರುವುದರಿಂದ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ ಎಂದಿದ್ದೇನೆ. ಹೊರಗೆ ಮಳೆ. ಕಿಟಕಿಯಲ್ಲಿ ಕೂತಿರುತ್ತೇನೆ.

ಇತಿ,
ಸುನಂದಾ


ಅರಕೇರಾ
9 ಮೇ 2025

ಬೀಗತಿಯವರಾದ ಸುನಂದಮ್ಮನವರಿಗೆ ವೆಂಕಮ್ಮನ ನಮಸ್ಕಾರ.

ನಿಮ್ಮ ಕಾಗದ ಓದಿ ಸಂತೋಷವಾಯಿತು. ಅಕ್ಷರ ದುಂಡಗಿದೆ. ನನ್ನದು ಅಂಗನವಾಡಿಯ ಅಕ್ಷರ. ಮಕ್ಕಳಿಗೆ ತಿದ್ದಿಸಿ ತಿದ್ದಿಸಿ ದೊಡ್ಡದಾಗಿಯೇ ಉಳಿದುಬಿಟ್ಟಿತು. ನಿವೃತ್ತಿಯಾದರೂ ಸಣ್ಣದಾಗಲಿಲ್ಲ.

ಯಜಮಾನರು ಹೆಸರು ಎತ್ತಗೊಡುತ್ತಿರಲಿಲ್ಲ ಎಂದು ಬರೆದಿರಿ, ಯಾಕೆ ಎಂದು ಬರೆಯದೆ ದಾಟಿದಿರಿ. ನಾನೇ ಬರೆದುಬಿಡುತ್ತೇನೆ, ಇಬ್ಬರಿಗೂ ಹಗುರ. ನಿಮ್ಮದು ಲಿಂಗಾಯತರ ಮನೆ, ಅಕ್ಕಿ ಗಿರಣಿಯವರು. ನಮ್ಮದು ದಲಿತರ ಮನೆ, ಬುದ್ಧನ ಫೋಟೋ ಇಟ್ಟವರು. ಮಕ್ಕಳು ರಾಯಚೂರಿನಲ್ಲಿ ಓದುವಾಗ ಮೆಚ್ಚಿಕೊಂಡರು, ರಿಜಿಸ್ಟರ್ ಮದುವೆಯಾದರು. ಅವತ್ತು ನಿಮ್ಮ ಕಡೆಯವರ ಕುರ್ಚಿಗಳು ಖಾಲಿ ಇದ್ದವು. ಆದದ್ದು ಆಯಿತು. ಈಗ ನೀವು ಹೋಗಿದ್ದೀರಿ, ನನಗೆ ಅದು ದೊಡ್ಡದು.

ಪಥ್ಯ ಏನು, ಸಕ್ಕರೆಯೋ ಹೊಟ್ಟೆಯದೋ? ವಿನೋದನಿಗೆ ಹೇಳಿ. ಆಸ್ಪತ್ರೆಯಲ್ಲಿ ನರ್ಸ್ ಆಗಿ ದಿನವೂ ಅದನ್ನೇ ನೋಡುವವನು.

ಇನ್ನು ಮಳೆಯ ಮಾತು. ಅದು ನಿಲ್ಲಲಿ, ಆಮೇಲೆ ಹೊರಗೆ ಹೋಗೋಣ ಎಂದು ಕೂತರೆ ನೀವು ಕಿಟಕಿಯನ್ನಷ್ಟೇ ನೋಡಿಕೊಂಡು ಮಾನ್ವಿಗೆ ಬರುತ್ತೀರಿ. ತಲೆಗೆ ಟೊಪ್ಪಿಗೆ ಎಳೆದುಕೊಂಡು ಹೊರಡಿ. ಶನಿವಾರ ಹಾಲಿನ ಮಾರ್ಕೆಟ್ಟು ಅಂತ ಒಂದು ಸಂತೆ ಕೂಡುತ್ತದೆ, ಹಾಲು ಮಾತ್ರ ಇರುವುದಿಲ್ಲ. ಶ್ಯಾನನ್ ಹೊಳೆಯ ದಂಡೆಗೆ ಹೋಗಿ. ನಮ್ಮ ಗೂಗಲ್ ಊರಿನ ಹತ್ತಿರ ಕೃಷ್ಣೆ ಎಷ್ಟು ಅಗಲವೋ ಅಷ್ಟಿಲ್ಲ, ಆದರೆ ಬೇಸಿಗೆಯಲ್ಲೂ ತುಂಬಿರುತ್ತದೆ. ಪಕ್ಕದ ಮನೆಯ ನೋರಾ ಅಜ್ಜಿಯ ಜೊತೆ ಚಹಾ ಕುಡಿಯಿರಿ. ಆಕೆಗೆ ನಮ್ಮ ಭಾಷೆ ಬಾರದು, ನನಗೆ ಆಕೆಯದು ಬಾರದು, ಆದರೂ ಸಂಜೆವರೆಗೆ ಮಾತಾಡುತ್ತಿದ್ದೆವು. ಬಸ್ಸು ಇಳಿಯುವಾಗ ಎಲ್ಲರೂ ಡ್ರೈವರನಿಗೆ ಥ್ಯಾಂಕ್ಯೂ ಹೇಳುತ್ತಾರೆ, ನೀವೂ ಹೇಳಿ. ನಾನು ಬಂದ ಮೇಲೆ ರೂಢಿಯಲ್ಲಿ ದೇವದುರ್ಗದ ಬಸ್ಸಿನಲ್ಲೂ ಹೇಳಿದೆ. "ಯಾಕ್ರಿ, ಏನರ ಬಿಟ್ಟೀರೇನು?" ಅಂದ ಆತ.

ನಿಮ್ಮ,
ವೆಂಕಮ್ಮ


ಲಿಮರಿಕ್
24 ಮೇ 2025

ವೆಂಕಮ್ಮನವರೇ,

ಇಂದು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದೆ!

ನಿಮ್ಮ ಹಾಲಿನ ಮಾರ್ಕೆಟ್ಟು ನೋಡಿದೆ. ಮೇಲೆ ದೊಡ್ಡ ಬಿಳಿ ಚಪ್ಪರ, ಕೆಳಗೆ ಮೀನು, ರೊಟ್ಟಿ, ಹೂವಿನ ಕುಂಡಗಳು. ಗಡ್ಡೆ ಮಾರುವವನೊಬ್ಬ ನನ್ನ ಸೀರೆ ನೋಡಿ ಏನೋ ಕೇಳಿದ. "ವೆಂಕಾಮಾ" ಎನ್ನುವುದಷ್ಟು ತಿಳಿಯಿತು. ನೀವು ಅವನ ಆಲೂಗಡ್ಡೆಯನ್ನು ಒಂದೊಂದೇ ಒತ್ತಿ ನೋಡಿ ಆರಿಸುತ್ತಿದ್ದಿರೆಂದು ಕೈಯಿಂದ ಮಾಡಿ ತೋರಿಸಿದ. ತಲೆಯಾಡಿಸಿದೆ. ಅವನು ಎರಡು ಗಡ್ಡೆ ಹೆಚ್ಚಿಗೆ ಹಾಕಿದ.

ಅಲ್ಲಿಂದ ಹೊಳೆಯ ದಂಡೆಗೆ ನಡೆದೆ. ನೀರಿನ ಅಂಚಿಗೇ ಕೋಟೆ. ನಮ್ಮ ರಾಯಚೂರಿನ ಕೋಟೆಯ ಕಲ್ಲುಗಳಷ್ಟು ದೊಡ್ಡವಲ್ಲ ಇದರ ಕಲ್ಲುಗಳು, ಆದರೆ ಒಂದೂ ಕದಲಿಲ್ಲ. ಬಿಳಿ ಹಂಸಗಳು ದಡಕ್ಕೆ ಬಂದು ತಿನ್ನಲು ಏನಿದೆಯೆಂದು ಕೈ ನೋಡುತ್ತವೆ. ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ, ಇಷ್ಟು ಜಗಳಗಂಟಿಗಳೆಂದು ಗೊತ್ತಿರಲಿಲ್ಲ. ಮಳೆ ಬಂತು. ನಿಂತೆ. ಹೋಯಿತು. ಮತ್ತೆ ಬಂತು. ಆಮೇಲೆ ನಿಲ್ಲುವುದನ್ನು ಬಿಟ್ಟೆ.

ತಿರುಗಿ ಬರುವಾಗ ಬೇರೆ ಬಸ್ಸು ಹತ್ತಿ ಊರಾಚೆ ಹೋಗಿಬಿಟ್ಟೆ. ಎರಡೂ ಕಡೆ ಕಲ್ಲಿನ ಒಡ್ಡು, ಹಸಿರು ಹೊಲ, ಹಸು, ಮತ್ತೇನೂ ಇಲ್ಲ. ಡ್ರೈವರ್ ನನ್ನ ಫೋನು ಇಸಿದುಕೊಂಡು ತಾನೇ ವಿನೋದನಿಗೆ ಮಾತಾಡಿದ. ವಿನೋದ ಬಂದಾಗ ನಾನು ಅಳುವ ಸ್ಥಿತಿಯಲ್ಲಿದ್ದೆ. ಅವನು, "ಅತ್ತಿ, ನಮ್ಮವ್ವನೂ ಇದೇ ಬಸ್ ಹತ್ತಿ ಇಲ್ಲೇ ಇಳಿದಿದ್ಳು" ಎಂದ. ಇಬ್ಬರೂ ನಕ್ಕೆವು.

ಪಥ್ಯ ಬಿಟ್ಟಿದ್ದೇನೆ. ಅವನು ಎಣ್ಣೆಗಾಯಿ ಮಾಡಿದ್ದ. ನಾಚಿಕೆಯಿಲ್ಲದೆ ಎರಡು ಸಲ ಹಾಕಿಸಿಕೊಂಡೆ.

ನಿಮ್ಮ,
ಸುನಂದಾ


ಅರಕೇರಾ
28 ಮೇ 2025

ಸುನಂದಮ್ಮಾ,

ಎಣ್ಣೆಗಾಯಿ ಅವನಿಗೆ ಕಲಿಸಿದ್ದು ನಾನು. ಪಥ್ಯ ಯಾವುದೆಂದು ನೀವು ಹೇಳಲಿಲ್ಲ, ನಾನು ಕೇಳುವುದನ್ನು ಬಿಟ್ಟೆ.

ಇಲ್ಲಿ ಬಿಸಿಲು ವಿಪರೀತ. ನಿಮ್ಮ ಕಾಗದವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಹಂಸ ಕೈ ನೋಡುವುದು ಕೇಳಿ ಅವರು ಇನ್ನೂ ನಗುತ್ತಿದ್ದಾರೆ. ಜೂನಿನಲ್ಲಿ ಸಮುದ್ರದ ಕಡೆ ಕರೆದುಕೊಂಡು ಹೋಗಲು ಹೇಳಿ. ಮೋಹರ್ ಅನ್ನುವ ಕಡೆ ನೆಲ ಒಮ್ಮೆಲೇ ಕತ್ತರಿಸಿದ ಹಾಗೆ ಮುಗಿದುಹೋಗುತ್ತದೆ. ಅದನ್ನು ನೋಡದೆ ಬರಬೇಡಿ.

ವೆಂಕಮ್ಮ


ಲಿಮರಿಕ್
16 ಜೂನ್ 2025

ವೆಂಕಮ್ಮನವರಿಗೆ ನಮಸ್ಕಾರಗಳು.

ಬರೆಯಲು ತಡವಾಯಿತು. ಮೈಯಲ್ಲಿ ಅಷ್ಟು ಆರಾಮವಿರಲಿಲ್ಲ. ಇಲ್ಲಿ ಈಗ ಸಂಜೆ ಊಟವಾದ ಮೇಲೂ ಬಿಸಿಲು ಇರುತ್ತದೆ. ಉಮಾಶ್ರೀ ಔಷಧ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ, ವಿನೋದನಿಗೆ ಡ್ಯೂಟಿ ಹೆಚ್ಚು. ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಇತಿ,
ಸುನಂದಾ


ಅರಕೇರಾ
19 ಜೂನ್ 2025

ಸುನಂದಮ್ಮನವರಿಗೆ ನಮಸ್ಕಾರ.

ಆರಾಮವಿಲ್ಲವೆಂದರೆ ಬಿಸಿನೀರು ಕುಡಿಯಿರಿ. ಇಲ್ಲಿ ಒಂದು ಹದ ಮಳೆ ಆಯಿತು. ತೊಗರಿ ಬಿತ್ತುವವರು ಬಿತ್ತುತ್ತಿದ್ದಾರೆ, ಉಳಿದವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಾರೆ.

ಹೋದ ವಾರ ಗೌತಮಿ ವಿಡಿಯೋದಲ್ಲಿ ಮಾತಾಡಿದಳು. ಏನೇನೋ ಕೇಳಿದಳು. ಮಕ್ಕಳು ಕೇಳುತ್ತಾರೆ. ವಿನೋದ ಮಗುವಿನ ಕೈಗೆ ಫೋನು ಕೊಟ್ಟು ಎದ್ದು ಹೋಗುತ್ತಾನೆ, ನನ್ನ ಜೊತೆ ನಿಂತು ಮಾತಾಡುವುದಿಲ್ಲ. ಡ್ಯೂಟಿ ಎಂದು ನೀವೂ ಬರೆದಿದ್ದೀರಿ. ಇರಬಹುದು.

ವೆಂಕಮ್ಮ


ಲಿಮರಿಕ್
3 ಜುಲೈ 2025

ವೆಂಕಮ್ಮನವರೇ,

ನಿಮ್ಮ ಕಾಗದ ಚಿಕ್ಕದಾಗಿತ್ತು. ನಾನು ಚಿಕ್ಕದಾಗಿ ಬರೆದೆ, ಅದಕ್ಕೆ ಸಿಟ್ಟಾದಿರೆಂದುಕೊಂಡೆ. ದೊಡ್ಡದಾಗಿ ಬರೆಯಲು ಕೂತು ಮೂರು ಸಲ ಹರಿದಿದ್ದೇನೆ.

ಹೋದ ಭಾನುವಾರ ಮೋಹರಿಗೆ ಹೋಗಿದ್ದೆವು. ನೀವು ಹೇಳಿದ ಹಾಗೆಯೇ, ಹುಲ್ಲು ನಡೆಯುತ್ತ ನಡೆಯುತ್ತ ಬಂದು ಒಮ್ಮೆಲೇ ಇಲ್ಲವಾಗುತ್ತದೆ, ಕೆಳಗೆ ಸಮುದ್ರ. ನೋರಾ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು. ಬೆಂಚಿನ ಮೇಲೆ ಕೂತು ಆಕೆ ತನ್ನ ಹರೆಯದ ಮಾತು ಹೇಳಿದಳು. ವಿನೋದ ಕನ್ನಡ ಮಾಡಿ ನನಗೆ ಹೇಳುತ್ತಿದ್ದ. ಆಕೆ ಲಂಡನ್ನಿಗೆ ಕೆಲಸಕ್ಕೆ ಹೋದಾಗ ಬಾಡಿಗೆಗೆ ಕೋಣೆ ಕೇಳಿದರೆ, ಬಾಯಿ ತೆರೆದ ಕೂಡಲೇ ಐರಿಶ್ ಹುಡುಗಿ ಎಂದು ತಿಳಿದು ಬಾಗಿಲು ಹಾಕುತ್ತಿದ್ದರಂತೆ. ಒಂದು ಮನೆಯಲ್ಲಿ ಮಾತ್ರ, ಬೇರೆ ದೇಶದವಳೆಂದು ಸುಳ್ಳು ಹೇಳಿ ಇದ್ದಳಂತೆ. ತಾಯಿಯಿಂದ ಬಂದ ಪತ್ರಗಳನ್ನು ಮನೆಯೊಡತಿಗೆ ಕಾಣದಂತೆ ಇಡಬೇಕಾಗುತ್ತಿತ್ತಂತೆ. "ಇಷ್ಟು ವರ್ಷಾತು, ಅವ್ವಂದು ನೆನಪಾದ್ರ ಅದೊಂದಕ್ಕ ನಾಚಿಕಿ ಬರ್ತದ ಅಂತಾರ, ಅತ್ತಿ" ಎಂದ ವಿನೋದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಸಮುದ್ರ ನೋಡುತ್ತ ಹೇಳಿದ. ಅವನು ನನ್ನ ಕಡೆ ನೋಡದೆ ಅಷ್ಟು ಹೊತ್ತಿಗೆ ಮೂರು ವಾರವಾಗಿತ್ತು.

ಈಗ ಬರೆಯುತ್ತೇನೆ.

ಜೂನ್ ಎಂಟನೇ ತಾರೀಖು ಭಾನುವಾರ ರಾಯಚೂರಿನ ಶೈಲಜಾ ಅನ್ನುವವಳು ಇಬ್ಬರು ಗೆಳತಿಯರ ಜೊತೆ ಚಹಾಕ್ಕೆ ಬಂದಳು. ಈ ಊರಿಗೆ ಹೊಸಬಳು, ಉಮಾಶ್ರೀಗೆ ಆಟದ ಮೈದಾನದಲ್ಲಿ ಪರಿಚಯ. ಉಮಾಶ್ರೀ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮಾತಿಗೆ ಮಾತು ಬಂದು ಅವಳ ಸೋದರತ್ತೆಯ ಮನೆ ಮಾನ್ವಿಯಲ್ಲಿ ನಮ್ಮ ಗಿರಣಿಯ ಓಣಿಯಲ್ಲೇ ಎಂದು ತಿಳಿಯಿತು. ಹೈದರಾಬಾದಿನಲ್ಲಿ ಕೊಟ್ರೇಶ ನನ್ನನ್ನು ಬಿಡುವಾಗ ಹೇಳಿದ್ದ: "ಯಾರರ ಕೇಳಿದ್ರ ಅಳಿಯನ ಹೆಸರಷ್ಟ ಹೇಳ್ರಿ ವೈನಿ. ಮುಂದಿಂದು ಬ್ಯಾಡ." ಮಾನ್ವಿಯಲ್ಲಿ ಅಳಿಯ ಯಾರ ಪೈಕಿ ಎಂದು ನಾವು ಯಾರಿಗೂ ಹೇಳಿಲ್ಲ.

ಶೈಲಜಾ ಗೋಡೆಯ ಮೇಲಿನ ಫೋಟೋ ನೋಡಿದಳು. "ಇವರು ಯಾರ್ರಿ ಅಕ್ಕಾ, ನಿಮ್ಮ ಬೀಗತಿ ಏನ್ರಿ?" ಎಂದಳು. ಹೌದು ಎಂದರೆ ಸಾಕಿತ್ತು. ನಾನು, "ಅಲ್ರಿ, ಕೂಸಿನ್ನ ನೋಡಾಕ ಊರಿಂದ ಕರಿಸಿದ್ವಿ. ಮನಿ ಕೆಲಸದಾಕಿ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ವಿನೋದ ಚಹಾದ ತಟ್ಟೆ ಹಿಡಿದು ನಿಂತಿದ್ದ. ತಟ್ಟೆ ತಂದಿಟ್ಟ. ಎಲ್ಲರಿಗೂ ಕಪ್ಪು ಕೊಟ್ಟ, ನನಗೂ ಕೊಟ್ಟ. ಕೋಟು ಹಾಕಿಕೊಂಡು, "ಡ್ಯೂಟಿ ಅದ ರೀ" ಎಂದು ಹೊರಗೆ ಹೋದ. ಅವತ್ತು ಅವನಿಗೆ ರಜೆ ಇತ್ತು.

ನನ್ನ ಪಥ್ಯವೂ ಸುಳ್ಳೇ. ನಿಮ್ಮ ಮಗನ ಕೈ ಅಡುಗೆ ಉಣ್ಣಬಾರದೆಂದು ಹೂಡಿದ್ದು. ನಿಮಗೆ ಅವತ್ತೇ ತಿಳಿದಿರಬೇಕು. ವರ್ಷಾ ವರ್ಷ ಗೂಗಲ್ಲಿನ ಅಲ್ಲಮಪ್ರಭುವಿನ ಗುಡಿಗೆ ಹೋಗಿ, ಎಲ್ಲರೂ ಒಂದೇ ಎನ್ನುವ ಪ್ರವಚನಕ್ಕೆ ತಲೆದೂಗಿ ಪ್ರಸಾದ ಉಂಡು ಬಂದವಳು ನಾನು. ಏನು ಕೇಳಿದೆನೋ ಅಷ್ಟು ವರ್ಷ.

ನನ್ನನ್ನು ಕ್ಷಮಿಸಿ ವೆಂಕಮ್ಮಾ.

ಸುನಂದಾ


ಲಿಮರಿಕ್
9 ಜುಲೈ 2025

ನನ್ನ ಕಾಗದ ಮುಟ್ಟಿದೆ ಎಂದು ಫೋನು ತೋರಿಸುತ್ತಿದೆ. ಓದಿದ್ದೀರಿ ಎಂದೂ ತೋರಿಸುತ್ತಿದೆ. ಬೈದಾದರೂ ಬರೆಯಿರಿ.

ಸುನಂದಾ


ಅರಕೇರಾ
12 ಜುಲೈ 2025

ಸುನಂದಮ್ಮನವರೇ,

ಓದಿದ್ದೆ. ನಿಮ್ಮ ಕಾಗದ ಬರುವ ಮುಂಚೆಯೇ ನನಗೆ ಗೊತ್ತಿತ್ತು. ಆ ದಿನ ಗೌತಮಿ ಅದೇ ಕೋಣೆಯಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದಳಲ್ಲ, ಅವಳನ್ನು ನೀವು ಲೆಕ್ಕಕ್ಕೆ ಹಿಡಿದಿರಲಿಲ್ಲ. ವಿಡಿಯೋದಲ್ಲಿ ಕೇಳಿದಳು: "ಅಜ್ಜಿ, ನೀ ನಮ್ಮ ಮನ್ಯಾಗ ಕೆಲಸಾ ಮಾಡ್ತಿದ್ದೇನು?" ನಾನೆಂದೆ, "ಹೌದವ್ವಾ, ಮಾಡೀನಿ. ನಿನಗ ಎರದೀನಿ, ಉಣ್ಣಿಸೀನಿ, ಎತ್ತಿಕೊಂಡು ತಿರಗೀನಿ. ಅಜ್ಜಿ ಕೆಲಸ ಅದು." ಅವಳಿಗೆ ಸಮಾಧಾನವಾಯಿತು, ಆಟಕ್ಕೆ ಹೋದಳು. ನನಗೆ ಆಗಲಿಲ್ಲ.

ಕೆಲಸದಾಕಿ ಎಂದದ್ದಕ್ಕೆ ನನಗೆ ನೋವಾಯಿತೆಂದು ತಿಳಿದಿದ್ದರೆ ಅದೂ ತಪ್ಪು. ನಮ್ಮವ್ವ ಮಂದಿಯ ಹೊಲದಲ್ಲಿ ದುಡಿದಳು, ಮಂದಿಯ ಅಂಗಳ ಗುಡಿಸಿದಳು, ಆ ಕೈಯಿಂದ ನನ್ನನ್ನು ಓದಿಸಿದಳು. ಕೆಲಸ ಬೈಗುಳವಲ್ಲ. ನೀವು ಕಿತ್ತುಕೊಂಡದ್ದು ಬೇರೆ. ನನ್ನ ಮೊಮ್ಮಗಳ ಮುಂದೆ ನನ್ನನ್ನು ಅವಳ ಯಾರೂ ಅಲ್ಲದವಳನ್ನಾಗಿ ಮಾಡಿದಿರಿ.

ಅದು ಗೊತ್ತಿದ್ದೂ ಬಿಸಿನೀರು ಕುಡಿಯಿರಿ ಎಂದು ಬರೆದೆ. ನೀವಾಗಿ ಹೇಳುತ್ತೀರೋ ಇಲ್ಲವೋ ನೋಡೋಣ ಎಂದು ಕಾದೆ. ಹೇಳಿದಿರಿ. ಅಷ್ಟಕ್ಕೆ ನನ್ನ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ, ಇಳಿಯಲಿಲ್ಲ.

ಇದಕ್ಕಿಂತ ದೊಡ್ಡ ನೋವು ವಿನೋದನಿಂದ ಆದದ್ದು. ಅವನು ಕೇಳಿಸಿಕೊಂಡು ಸುಮ್ಮನೆ ಹೋದ ಎಂದು ಬರೆದಿರಿ. ನನ್ನ ಮಗ ನನ್ನ ಪರವಾಗಿ ಒಂದು ಮಾತು ಆಡಲಿಲ್ಲವೇ? ಪರದೇಶಕ್ಕೆ ಹೋಗಿ ಅವನಿಗೂ ನಾನು ಬೇಡವಾದೆನೇ? ಹೀಗೆ ಯೋಚಿಸುತ್ತ ನಾಲ್ಕಾರು ದಿನ ಕಾಗದ ಮುಟ್ಟಲಿಲ್ಲ.

ಕ್ಷಮೆ ನನ್ನನ್ನು ಕೇಳಬೇಡಿ. ನನ್ನೊಬ್ಬಳಿಗೆ ಕಾಗದದಲ್ಲಿ ಗುಟ್ಟಾಗಿ ಹೇಳುವುದು ಸುಲಭ. ಎಲ್ಲಿ ಆ ಮಾತು ಆಡಿದಿರೋ ಅಲ್ಲಿ ಹೋಗಿ ತಿದ್ದಿ.

ವೆಂಕಮ್ಮ


ಲಿಮರಿಕ್
22 ಜುಲೈ 2025

ವೆಂಕಮ್ಮನವರೇ,

ನಿಮ್ಮ ಕಾಗದ ಬಂದ ಮರುದಿನ ಭಾನುವಾರವೇ ಶೈಲಜಾ ಊಟಕ್ಕೆ ಕರೆದಿದ್ದಳು. ಹೇಳಲೆಂದೇ ಹೋದೆ. ಹೋಳಿಗೆ ಮಾಡಿದ್ದಳು. ಉಂಡೆ, ಹೊಗಳಿದೆ, ಮಾನ್ವಿಯ ಸುದ್ದಿ ಮಾತಾಡಿದೆ, ಎದ್ದು ಬಂದೆ. ಬಾಯಿ ತೆರೆದಾಗಲೆಲ್ಲ ಬೇರೆ ಮಾತೇ ಬಂತು. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆ.

ಇಂದು ಮಂಗಳವಾರ, ಒಬ್ಬಳೇ ಬಸ್ಸು ಹತ್ತಿ ಹೋದೆ. ಅವಳು ಬಟ್ಟೆ ಒಣಗಲು ಹಾಕುತ್ತಿದ್ದಳು. ಒಳಗೆ ಹೋಗಿ ಕೂತರೆ ಮತ್ತೆ ಹೋಳಿಗೆಯ ಕಥೆಯೇ ಆದೀತೆಂದು ಹಿತ್ತಿಲಲ್ಲೇ ನಿಂತು ಹೇಳಿದೆ. "ಅವತ್ತ ಫೋಟೋದಾಗ ನೋಡಿದಿರಲ್ಲ, ಅವರು ನಮ್ಮ ಬೀಗತಿ. ವಿನೋದನ ತಾಯಿ. ವೆಂಕಮ್ಮ ಅಂತ. ಅರಕೇರಾದಾಗ ಅಂಗನವಾಡಿ ಟೀಚರ್ ಇದ್ರು. ನಾವು ಲಿಂಗಾಯತರು, ಅವರು ದಲಿತರು. ಅದನ್ನ ಮುಚ್ಚಿಡಾಕ ಹೋಗಿ ನಿಮ್ಮ ಮುಂದ ಸುಳ್ಳು ಹೇಳಿದೆ."

ಅವಳು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು. "ಅಯ್ಯ, ಅದಕ್ಕೇನಂತ್ರಿ ಅಕ್ಕಾ, ಇಲ್ಲಿ ಅದೆಲ್ಲ ಯಾರು ನೋಡ್ತಾರ" ಎಂದಳು. ಚಹಾ ಕುಡಿದು ಹೋಗಿ ಎಂದಳು. ಕುಡಿದೆ. ಆದರೆ ಮೊದಲೆಲ್ಲ ಕಳಿಸುವಾಗ "ಮತ್ತ ಬರ್ರಿ" ಎನ್ನುತ್ತಿದ್ದವಳು ಇಂದು ಅನ್ನಲಿಲ್ಲ. ಅನ್ನದೆ ಬಿಟ್ಟ ಅಂಥ ಮಾತನ್ನು ನಿಮ್ಮವರು ಇಷ್ಟು ವರ್ಷ ಎಷ್ಟು ಮನೆಗಳ ಬಾಗಿಲಲ್ಲಿ ಕೇಳಿಸಿಕೊಂಡಿರಬಹುದು ಎಂದು ಬಸ್ಸಿನಲ್ಲಿ ಅನ್ನಿಸಿತು. ನನಗೆ ಒಂದೇ ದಿನಕ್ಕೆ ತಡೆಯಲಾಗಲಿಲ್ಲ.

ಮನೆಗೆ ಬಂದು ಉಮಾಶ್ರೀ ಎದುರಿಗೇ ವಿನೋದನಿಗೆ ಹೇಳಿದೆ. ಉಮಾಶ್ರೀಗೆ ಇದೆಲ್ಲ ತಿಳಿದೇ ಇರಲಿಲ್ಲ. ನನ್ನ ಮುಖ ನೋಡಿ, "ಯವ್ವಾ, ನೀನೂ ಅಪ್ಪನ ಹಂಗಽ" ಎಂದು ಗೌತಮಿಯನ್ನು ಎತ್ತಿಕೊಂಡು ಒಳಗೆ ಹೋದಳು. ಅದಕ್ಕೆ ನಾನು ತಕ್ಕವಳೇ.

ವಿನೋದ ಮಾತ್ರ ಕೂತೇ ಇದ್ದ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಏಕೆಂದರೆ ನೀವು ಅವನನ್ನು ತಪ್ಪು ತಿಳಿದಿದ್ದೀರಿ. "ಅತ್ತಿ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಂತಲ್ಲ, ಅದ. ಆದ್ರ ನನ್ನ ಮ್ಯಾಲ ಅದಕ್ಕಿಂತ ಅದ. ಚಹಾದ ತಟ್ಟಿ ಇಟ್ಟು, ಆಕಿ ನಮ್ಮವ್ವ ಅಂತ ಒಂದು ಮಾತು ನಾನೂ ಅನ್ನಲಿಲ್ಲ. ಯಾಕ ಅನ್ನಲಿಲ್ಲ? ಬಂದವರ ಮುಂದ ಸಣ್ಣವಾಗ್ತೀನಿ ಅನ್ನೋ ಅಂಜಿಕಿ ನನಗೂ ಇತ್ತು. ಈಗ ಅವ್ವಗ ಮಾರಿ ಹೆಂಗ ತೋರಿಸಲಿ? ಅದಕ್ಕ ಕೂಸಿನ ಕೈಯಾಗ ಫೋನ್ ಕೊಟ್ಟು ಎದ್ದು ಹೋಗ್ತೀನಿ." ಹೇಳಿ ಮುಖ ಮುಚ್ಚಿಕೊಂಡ. ಅಷ್ಟು ಎತ್ತರದ ಹುಡುಗ.

ನೀವು ಅವನಿಗೆ ಬೇಡವಾಗಿಲ್ಲ ವೆಂಕಮ್ಮಾ. ಅವನಿಂದ ಆ ಮಾತು ಕಸಿದದ್ದು ನಾನು ಆಡಿದ ಮಾತು.

ಸುನಂದಾ


ಅರಕೇರಾ
25 ಜುಲೈ 2025

ಸುನಂದಮ್ಮಾ,

ನಿನ್ನೆ ವಿನೋದ ಫೋನ್ ಮಾಡಿದ. "ಉಂಡಿಯೇನೋ?" ಎಂದೆ. ಅತ್ತುಬಿಟ್ಟ. ಅವನ ಮೇಲಿದ್ದ ಬೇಸರ ತೀರಿತು. ಅವನ ವಿಷಯ ತಿಳಿಸಿದ್ದಕ್ಕೆ ನಿಮಗೆ ಉಪಕಾರ.

ನಿಮ್ಮ ಮೇಲಿನದು ತೀರಿದೆ ಎಂದು ಹೇಳಲಾರೆ, ಹೇಳಿದರೆ ನಾನೂ ಸುಳ್ಳು ಹೇಳಿದ ಹಾಗೆ. ಹಿತ್ತಿಲಲ್ಲಿ ನಿಂತು ಹೇಳಿದಿರಿ, ಅದಕ್ಕೆ ಎದೆ ಬೇಕು. ಆದರೆ ಲಿಮರಿಕ್ಕಿನಲ್ಲಿ ನೀವು ಇನ್ನು ಒಂದು ವಾರದ ಅತಿಥಿ. ನಿಮ್ಮ ಬದುಕು ಇರುವುದು ಮಾನ್ವಿಯಲ್ಲಿ. ಅಲ್ಲಿ ಏನು ಹೇಳುತ್ತೀರಿ? ನಾನಾಗಿ ಬರುವುದಿಲ್ಲ. ಕರೆದರೆ ಬರುತ್ತೇನೆ, ಹಗಲು ಹೊತ್ತಿನಲ್ಲಿ.

ವೆಂಕಮ್ಮ


ಮಾನ್ವಿ
17 ಆಗಸ್ಟ್ 2025

ವೆಂಕಮ್ಮನವರೇ,

ಬಂದು ಎರಡು ವಾರದ ಮೇಲಾಯಿತು. ಇನ್ನೂ ನಿಮ್ಮನ್ನು ಕರೆದಿಲ್ಲ.

ಓಣಿಯವರೆಲ್ಲ ಬಂದು ಹೋದರು. ಹಂಸದ ಕಥೆ, ಬಸ್ಸಿನ ಕಥೆ, ನೆಲ ಮುಗಿಯುವ ಜಾಗದ ಕಥೆ ಎಷ್ಟು ಸಲ ಹೇಳಿದೆನೋ. "ಅಳಿಯಾವರು ಹೆಂಗ ಅದಾರ್ರಿ?" ಎಂದು ಕೇಳಿದವರಿಗೆ, "ಭಾಳ ಛಲೋ ಅದಾರ" ಎಂದೆ. ಕೊಟ್ರೇಶ ಎದುರಿಗೆ ಕೂತು ನನ್ನ ಬಾಯಿ ಕಾಯುತ್ತಿದ್ದ. "ಅವರ ಮನಿಯವರು?" ಎಂದಾಗ ಚಹಾ ತರಲು ಒಳಗೆ ಎದ್ದು ಹೋದೆ. ಪಾತ್ರೆಗಳ ನಡುವೆ ನಿಂತುಕೊಂಡೆ. ಅಲ್ಲಿಯ ನನಗೂ ಇಲ್ಲಿಯ ನನಗೂ ಏನೂ ವ್ಯತ್ಯಾಸವಿಲ್ಲ. ನಿಮಗೆ ಇದನ್ನು ತಿಳಿಸದೆ ಇರಬಹುದಿತ್ತು. ತಿಳಿಸದೆ ಇರುವುದನ್ನಾದರೂ ಬಿಡೋಣವೆಂದು ಬರೆದೆ.

ಸುನಂದಾ


ಮಾನ್ವಿ
7 ಸೆಪ್ಟೆಂಬರ್ 2025

ವೆಂಕಮ್ಮನವರೇ,

ನೀವು ಉತ್ತರ ಬರೆಯಲಿಲ್ಲ. ಏನು ಬರೆಯುತ್ತೀರಿ?

ನಿನ್ನೆ ಗಿರಣಿಗೆ ಹೋದೆ. ಕೊಟ್ರೇಶ ಗಾದಿಯ ಮೇಲಿದ್ದ. ಭತ್ತದ ವ್ಯಾಪಾರಿಗಳು, ಹಮಾಲರು, ನಮ್ಮ ಹಳೆಯ ಗುಮಾಸ್ತ ಖಾಸಿಂ ಸಾಬ್ ಎಲ್ಲರೂ ಇದ್ದರು. ಮನೆಯಲ್ಲಿ ಹೇಳಿದರೆ ಮಾತು ಮನೆಯಲ್ಲೇ ಮುಚ್ಚಿಹೋಗುತ್ತದೆಂದು ಅಲ್ಲಿಗೇ ಹೋದದ್ದು. "ಕೊಟ್ರೇಶಾ, ಬರೋ ಭಾನುವಾರ ನಮ್ಮ ಬೀಗತಿನ್ನ ಊಟಕ್ಕ ಕರಿಯಾಕತ್ತೀನಿ. ಅರಕೇರಾದ ವೆಂಕಮ್ಮನವರು. ದಲಿತರು. ಉಮಾಶ್ರೀ ಅತ್ತಿ" ಎಂದೆ. ಅವನು ತಲೆ ಎತ್ತದೆ, "ವೈನಿ, ಮನಿಗೆ ನಡ್ರಿ, ಮಾತಾಡೂನು" ಎಂದ. "ಮಾತು ಆಡೀನಿ" ಎಂದೆ. "ಹಂಗಾರ ಅವತ್ತ ನಾನು, ನನ್ನ ಹೆಂಡತಿ ಮಕ್ಕಳು ಮನ್ಯಾಗ ಇರೂದಿಲ್ಲ" ಎಂದ. ವ್ಯಾಪಾರಿಗಳು ಚಪ್ಪಲಿ ನೋಡುತ್ತ ಕೂತರು. ಖಾಸಿಂ ಸಾಬ್ ಎದ್ದು ನನಗೆ ಕುರ್ಚಿ ತಂದಿಟ್ಟರು. ಕೂಡಲಿಲ್ಲ. ಕೂತಿದ್ದರೆ ಏಳಲಾಗುತ್ತಿರಲಿಲ್ಲ.

ಆದ್ದರಿಂದ ಮೊದಲೇ ಹೇಳುತ್ತೇನೆ, ನಿಮ್ಮ ಪಂಕ್ತಿಯಲ್ಲಿ ನಮ್ಮವರು ಯಾರೂ ಇರಲಿಕ್ಕಿಲ್ಲ. ನಾನೊಬ್ಬಳೇ ಇರುತ್ತೇನೆ. ಇಂಥ ಮನೆಗೆ ನಿಮ್ಮನ್ನು ಕರೆಯಲು ನಾಚಿಕೆಯಾಗುತ್ತದೆ. ಕರೆಯದಿರಲು ಅದಕ್ಕಿಂತ ನಾಚಿಕೆ. ಬರ್ರಿ. ಬಸ್ ಸ್ಟ್ಯಾಂಡಿಗೆ ನಾನೇ ಬಂದು ನಿಲ್ಲುತ್ತೇನೆ.

ನಿಮ್ಮ,
ಸುನಂದಾ


ಅರಕೇರಾ
9 ಸೆಪ್ಟೆಂಬರ್ 2025

ಬೀಗತಿಯವರೇ,

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಯಾರು ಉಣ್ಣುತ್ತಾರೆ, ಯಾರು ಎದ್ದು ಹೋಗುತ್ತಾರೆ ಎನ್ನುವುದು ಅವರಿಗೆ ಬಿಟ್ಟದ್ದು. ಅದಕ್ಕೆ ನೀವು ನಾಚಬೇಡಿ, ನಿಮ್ಮ ಪಾಲಿನದಷ್ಟಕ್ಕೆ ನಾಚಿದರೆ ಸಾಕು. ಸಿಟ್ಟು ಇನ್ನೂ ಸ್ವಲ್ಪ ಇದೆ, ಅದನ್ನೂ ತರುತ್ತೇನೆ.

ಬಸ್ ಸ್ಟ್ಯಾಂಡಿಗೆ ಮಾತ್ರ ಬರಬೇಡಿ. ನೀವು ನಿಮ್ಮ ಬಾಗಿಲಲ್ಲಿ ನಿಂತಿರಿ. ನಾನು ಬಸ್ಸಿಳಿದು, ಬಜಾರಿನ ನಡುವೆ ಹಾಯ್ದು, ಅಂಗಡಿ ಅಂಗಡಿಗೂ ನಿಂತು, "ಅಕ್ಕಿ ಗಿರಣಿ ಸುನಂದಮ್ಮನವರ ಮನಿ ಎಲ್ಲಿ ಅದರೀ? ನಮ್ಮ ಬೀಗರು ಅವರು" ಅಂತ ಕೇಳಿಕೊಂಡು ಬರುತ್ತೇನೆ.

ವೆಂಕಮ್ಮ